ಬಿಗಿದುಕೊಂಡ ಎಂಜಿನ್ನು

ಯಂತ್ರದ ವಿಷಯವಾಗಿ ಮಾತನಾಡಲು ಕನ್ನಡ ಪಾಠ ಹೇಳಿ ಜೀವಿಸಿದವನಿಗೆ ಏನು ಅಧಿಕಾರವೆಂದು ತಾವು ಕೇಳಬಹುದು. ನನ್ನದು ಪೆಟ್ಟು ತಿಂದವನ ಅಧಿಕಾರ. ಮಂಡ್ಯದ ಸೀಮೆಯ ನಮ್ಮ ಹಳ್ಳಿಯಲ್ಲಿ ನಮ್ಮದೊಂದು ಆಲೆಮನೆಯಿತ್ತು. ಎತ್ತುಗಳು ಎಳೆಯುತ್ತಿದ್ದ ಗಾಣಕ್ಕೆ ನಮ್ಮ ತಂದೆಯವರು 1968ರಲ್ಲಿ ಆರು ಅಶ್ವಶಕ್ತಿಯ ಡೀಸೆಲ್ ಎಂಜಿನ್ನೊಂದನ್ನು ಜೋಡಿಸಿದರು. ಅವರು ತೀರಿಕೊಂಡ ಮೇಲೆ ಗದ್ದೆ, ಗಾಣ, ಎಂಜಿನ್ನು ಎಲ್ಲವೂ ತಮ್ಮನ ಹೊಣೆಯಾದವು. ನನ್ನ ಪಾಲಿಗೆ ಉಳಿದದ್ದು ಆಗಾಗ ಹೋಗಿ ಸಲಹೆ ಕೊಡುವ ಸುಖ.

1986ರ ಜನವರಿಯ ಒಂದು ಮುಂಜಾನೆ ಆ ಎಂಜಿನ್ನು ಓಡುತ್ತಿದ್ದಂತೆಯೇ ನರಳಿ, ವೇಗ ಕಳೆದುಕೊಂಡು, ನಿಂತುಬಿಟ್ಟಿತು. ಹ್ಯಾಂಡಲ್ ಹಾಕಿ ಇಬ್ಬರು ತಿರುವಿದರೂ ಗಾಲಿ ಕದಲಲಿಲ್ಲ. ಅಂಗಳದಲ್ಲಿ ಎರಡು ಗಾಡಿ ಕಬ್ಬು ಬಿದ್ದಿತ್ತು. ಕಡಿದ ಕಬ್ಬು ಕಾಯುವ ಸರಕಲ್ಲ. ದಿನ ಕಳೆದಂತೆ ಅದರೊಳಗಿನ ಸಕ್ಕರೆ ಒಡೆಯುತ್ತದೆ. ಅಂಥ ಹಾಲನ್ನು ಕೊಪ್ಪರಿಗೆಯಲ್ಲಿ ಎಷ್ಟು ಕಾಯಿಸಿದರೂ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ಕೂರದು. ಪಕ್ಕದ ಆಲೆಮನೆಯವರು ಕೈಹಿಡಿದದ್ದರಿಂದ ಆ ಎರಡು ಗಾಡಿ ಉಳಿಯಿತು. ಹೊಲದಲ್ಲಿ ನಿಂತಿದ್ದ ಬೆಳೆಯ ಗತಿ?

"ಅಣ್ಣ, ಇದನ್ನ ಗುಜರಿಗೆ ಹಾಕಿಬಿಡೋಣ. ಸೊಸೈಟೀಲಿ ಸಾಲ ಎತ್ತಿ ಹೊಸದು ತರ್ತೀನಿ" ಎಂದ ತಮ್ಮ. ತಂದೆಯವರು ತಂದ ಎಂಜಿನ್ನು ಎಂಬ ಒಂದೇ ಕಾರಣಕ್ಕೆ ನಾನು ರಿಪೇರಿಯೇ ಸರಿಯೆಂದು ವಾದಿಸಿದೆ. ಇಬ್ಬರೂ ಇನ್ನೂ ಎಂಜಿನ್ನನ್ನು ಬಿಚ್ಚಿಯೇ ನೋಡಿರಲಿಲ್ಲ!

ಪೇಟೆಯಿಂದ ಬಂದ ಮೇಸ್ತ್ರಿ ನಮ್ಮ ವಾದಕ್ಕೆ ಕಿವಿಗೊಡಲಿಲ್ಲ. ಎಂಜಿನ್ನು ಏಕೆ ಹಿಡಿದುಕೊಂಡಿತು, ಎಲ್ಲಿ ಹಿಡಿದುಕೊಂಡಿತು ಎಂಬುದೇ ಅವರ ಮೊದಲ ಪ್ರಶ್ನೆ. "ಓಡ್ತಾ ಓಡ್ತಾ ನಿಂತಿತೋ, ನಿಂತಿದ್ದಾಗ ಹಿಡ್ಕೊಂಡಿತೋ ಹೇಳಿ, ಮೇಷ್ಟ್ರೇ. ಎರಡೂ ಬೇರೆ ಕಾಯಿಲೆ." ತಿಂಗಳುಗಟ್ಟಲೆ ಸುಮ್ಮನೆ ನಿಂತ ಎಂಜಿನ್ನಿನಲ್ಲಿ ತೇವ ಸೇರಿ, ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತವೆ. ಇದಕ್ಕೆ ಬೇಕಾದದ್ದು ತಾಳ್ಮೆ. ನಾಜಲ್ ಬಿಚ್ಚಿ ಒಳಕ್ಕೆ ಡೀಸೆಲ್ ಸುರಿದು, ನಾಲ್ಕಾರು ದಿನ ನೆನೆಯಬಿಟ್ಟು, ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಬೇಕು. ಬಿಡಿಸಿಕೊಂಡರೆ, ಒಳಗೋಡೆ ಹಾಳಾಗಿಲ್ಲದಿದ್ದರೆ, ಖರ್ಚು ಅಲ್ಪವೇ. ಸುತ್ತಿಗೆ ಹಿಡಿದವನು ಮಾತ್ರ ಕೆಡುತ್ತಾನೆ.

ನಮ್ಮದು ಕಾವಿಗೆ ಹಿಡಿದುಕೊಂಡದ್ದು. ಎಂಜಿನ್ನಿನ ಪಕ್ಕದಲ್ಲಿ ನೀರಿನ ಪೀಪಾಯಿ ಇಟ್ಟಿದ್ದೆವು. ಅಲ್ಲಿ ನೀರನ್ನು ತಿರುಗಿಸುವ ಪಂಪಿಲ್ಲ. ಎಂಜಿನ್ನಿನಲ್ಲಿ ಬಿಸಿಯಾದ ನೀರು ಹಗುರವಾಗಿ ಮೇಲಿನ ಕೊಳವೆಯಿಂದ ಪೀಪಾಯಿಗೆ ಏರುತ್ತದೆ, ತಣ್ಣೀರು ಕೆಳಗಿನ ಕೊಳವೆಯಿಂದ ಒಳಗೆ ಬರುತ್ತದೆ. ಆದರೆ ನೀರು ಆವಿಯಾಗಿ ಅದರ ಮಟ್ಟ ಮೇಲಿನ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಈ ಓಡಾಟ ನಿಂತೇಹೋಗುತ್ತದೆ. ಪೀಪಾಯಿಯಲ್ಲಿ ಮುಕ್ಕಾಲು ಪಾಲು ನೀರಿದ್ದರೂ ಎಂಜಿನ್ನು ಬೇಯುತ್ತದೆ! ನಮ್ಮಲ್ಲಿ ಆದದ್ದು ಅದೇ. ನಮ್ಮ ಎಂಜಿನ್ನಿನ ಪಿಸ್ಟನ್ನು ಅಲ್ಯೂಮಿನಿಯಮ್ಮಿನದು, ಸಿಲಿಂಡರು ಬೀಡಿನದು. ಒಂದೇ ಕಾವಿಗೆ ಅಲ್ಯೂಮಿನಿಯಮ್ ಬೀಡಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ನಡುವಿನ ಸಂದು ಮುಚ್ಚಿ, ಎಣ್ಣೆಯ ಪೊರೆ ಹರಿದು, ಪಿಸ್ಟನ್ನು ಗೋಡೆಯನ್ನು ಕಚ್ಚುತ್ತದೆ.

ಹೆಡ್ಡು ತೆಗೆದು, ಪಿಸ್ಟನ್ನನ್ನು ಹೊರಗೆಳೆದು, ಮೇಸ್ತ್ರಿ ಸಿಲಿಂಡರಿನೊಳಗೆ ಉಗುರು ಆಡಿಸಿದರು. ಕಣ್ಣಿಗೆ ಕಾಣುವ ಗೀರಿಗಿಂತ ಉಗುರಿಗೆ ಸಿಕ್ಕುವ ಗೀರು ಕೆಟ್ಟದ್ದು. ನಮ್ಮದರಲ್ಲಿ ಉಗುರು ಸಿಕ್ಕಿಕೊಂಡಿತು. ನಾನು ಸೋತೆನೆಂದುಕೊಂಡೆ. ಅವರು ಮಾತ್ರ ಮೈಕ್ರೋಮೀಟರ್ ತೆಗೆದು, ಕ್ರ್ಯಾಂಕಿನ ಕತ್ತನ್ನು ನಾಲ್ಕು ಕಡೆ ಅಳೆದು, "ಕ್ರ್ಯಾಂಕು ದುಂಡಗಿದೆ. ಇನ್ನು ಮಾತಾಡಬಹುದು" ಎಂದರು.

ಮಾತನಾಡಲು ಅವಕಾಶವಾದದ್ದು ಆ ಎಂಜಿನ್ನಿನ ಕುಲದಿಂದ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಹೊರತಂದ ಮಾದರಿ ಅದು. ನಮ್ಮ ದೇಶದಲ್ಲಿ ರಾಜ್‌ಕೋಟಿನ ಕಾರ್ಖಾನೆಗಳು ಅದರ ಪಡಿಯಚ್ಚುಗಳನ್ನು ತಯಾರಿಸುತ್ತ ಬಂದಿವೆ. ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುವ ನಿಧಾನಿ. ಅದರಲ್ಲಿ ಸಿಲಿಂಡರು ಬೇರೆ, ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆ ಬೇರೆ. ಬೋಲ್ಟು ಬಿಚ್ಚಿದರೆ ಸಿಲಿಂಡರೊಂದನ್ನೇ ಹೊತ್ತು ಪೇಟೆಗೆ ಒಯ್ಯಬಹುದು. ಅಲ್ಲಿ ಅದರ ಬೋರನ್ನು ಇಪ್ಪತ್ತು ಥೌ, ಅಂದರೆ ಅರ್ಧ ಮಿಲಿಮೀಟರಿನಷ್ಟು, ಅಗಲಿಸಿ ಆ ಅಳತೆಯ ದೊಡ್ಡ ಪಿಸ್ಟನ್ನು ಹಾಕಿದರು. ಒಂದು ವಾರ ಹಿಡಿಯಿತು. ಖರ್ಚು ಹೊಸ ಎಂಜಿನ್ನಿನ ಬೆಲೆಯ ಕಾಲುಭಾಗವನ್ನೂ ಮುಟ್ಟಲಿಲ್ಲ. ಗಾಣ ತಿರುಗಿದ ದಿನ ನಾನು ಗೆದ್ದವನಂತೆ ಓಡಾಡಿದೆ; ಗೆದ್ದದ್ದು ಮೈಕ್ರೋಮೀಟರ್.

ಅದು ನನಗೆ ತಿಳಿದದ್ದು 1999ರಲ್ಲಿ. ಈ ಸಲ ತಪ್ಪಿದ್ದು ಎಣ್ಣೆ. ಕನೆಕ್ಟಿಂಗ್ ರಾಡಿನ ತುದಿಯ ಪುಟ್ಟ ಸೌಟೊಂದು ಕೆಳಗಿನ ಎಣ್ಣೆಗೆ ಮುಳುಗಿ ಎರಚುವುದರಿಂದಲೇ ಆ ಎಂಜಿನ್ನಿನ ಬೇರಿಂಗುಗಳು ಬದುಕುವುದು. ಎಣ್ಣೆ ಸೌಟಿಗೆ ಎಟುಕದಷ್ಟು ಇಳಿದಿತ್ತು. ಬೇರಿಂಗು ಸುಟ್ಟು ಕ್ರ್ಯಾಂಕನ್ನು ಕಚ್ಚಿತು, ರಾಡು ಮುರಿದು ಪೆಟ್ಟಿಗೆಯ ಗೋಡೆಯನ್ನು ಒಡೆದುಕೊಂಡು ಹೊರಬಂತು. ನಾನು ಆಗಲೂ ವೆಲ್ಡಿಂಗ್ ಮಾಡಿಸೋಣವೆಂದೆ. ಮೇಸ್ತ್ರಿಗೆ ವಯಸ್ಸಾಗಿತ್ತು, ಒಡೆದ ತೂತನ್ನು ಬಹಳ ಹೊತ್ತು ನೋಡಿದರು. "ತೂತು ಮುಚ್ಚಬಹುದು, ಮೇಷ್ಟ್ರೇ. ಆದ್ರೆ ಬೇರಿಂಗು ಕೂರೋ ಜಾಗ ಕೂದಲೆಳೆಯಷ್ಟು ಓರೆಯಾದ್ರೂ ಹೊಸ ಕ್ರ್ಯಾಂಕನ್ನೂ ತಿಂದುಬಿಡುತ್ತೆ. ನಿಮ್ಮ ತಮ್ಮನವರ ದುಡ್ಡು ಅದು."

ಆ ಕೊನೆಯ ಮಾತು ನನಗೆ ನಾಟಿತು. ತಂದೆಯವರ ನೆನಪು ನನ್ನದು, ಸಾಲ ತೀರಿಸುವವನು ತಮ್ಮ. ಸುಮ್ಮನಾದೆ.

ಹೊಸ ಎಂಜಿನ್ನು ಬಂತು. ಅದರ ಬೆಲೆಯೇ ಪೂರ್ತಿ ಲೆಕ್ಕವಲ್ಲವೆಂಬುದೂ ಆಗಲೇ ತಿಳಿಯಿತು. ಅದು ನಿಮಿಷಕ್ಕೆ 1500 ಸುತ್ತು ತಿರುಗುವ ಚುರುಕು ಜಾತಿ. ಹಳೆಯ ಪುಲ್ಲಿಯನ್ನೇ ತೊಡಿಸಿದ್ದರೆ ಗಾಣ ಎರಡರಷ್ಟಕ್ಕೂ ಮೀರಿ ಓಡುತ್ತಿತ್ತು. ಹಾಗಾಗಿ ಚಿಕ್ಕ ಪುಲ್ಲಿ, ಬೇರೆ ಬೆಲ್ಟು, ಹೊಸ ಪಾಯ, ಹೊಸ ಬೋಲ್ಟು. ಗುಜರಿಯವನು ಹಳೆಯದನ್ನು ತೂಕಕ್ಕೆ ಕೊಂಡ. ಆ ಎರಡು ಭಾರಿ ಗಾಲಿಗಳನ್ನು ಗಾಡಿಗೆ ಏರಿಸುವಾಗ ನಾನು ಗದ್ದೆಯ ಕಡೆ ಹೊರಟುಹೋಗಿದ್ದೆ.

ಪೀಪಾಯಿ ಮಾತ್ರ ಹಳೆಯದೇ ಉಳಿಯಿತು. ಅದರ ಹೊಟ್ಟೆಯ ಮೇಲೆ, ಮೇಲಿನ ಕೊಳವೆಯ ಬಾಯಿಗಿಂತ ನಾಲ್ಕು ಬೆರಳು ಎತ್ತರಕ್ಕೆ, 1986ರಲ್ಲಿ ತಮ್ಮ ಕೆಂಪು ಬಣ್ಣದ ಗೆರೆಯೊಂದನ್ನು ಎಳೆದಿದ್ದ. ಹೊಸ ಎಂಜಿನ್ನಿನ ಕೊಳವೆ ಜೋಡಿಸಿದ ಮೇಲೆ ಅವನು ಅದರ ಮೇಲೆಯೇ ಇನ್ನೊಮ್ಮೆ ಬಣ್ಣ ಬಳಿದ.