ಗುಂಡುಗಳು ಉರುಳಿ ಬಂದವಲ್ಲ

ಹೈದರಾಬಾದಿನ ಮೆಹದಿಪಟ್ಟಣಂನಿಂದ ಲಂಗರ್ ಹೌಸ್ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ಗೋಲ್ಕೊಂಡ ಬೆಟ್ಟ. ಅಲ್ಲಿ ಗುಂಡುಕಲ್ಲುಗಳ ನಡುವೆ ಗೋಡೆ ಎಬ್ಬಿಸಿ ಕೋಟೆ ಕಟ್ಟಿದ್ದಾರೆ. ಕೆಲವು ಕಡೆ ಬಂಡೆಯೇ ಗೋಡೆ. ಹಂಪಿ, ರಾಯಚೂರು, ಯಾದಗಿರಿ ಕಂಡವರಿಗೆ ಈ ನೋಟ ಹೊಸದಲ್ಲ. ಒಂದರ ಮೇಲೊಂದು ಕುಳಿತ ಆ ಕಲ್ಲುಗಳನ್ನು ನೋಡಿದ ಮಕ್ಕಳೆಲ್ಲ ಕೇಳುವ ಪ್ರಶ್ನೆ ಒಂದೇ: ಅಲ್ಲಿ ತಂದಿಟ್ಟವರು ಯಾರು?

ಹೊಳೆ ಉರುಳಿಸಿ ತಂದಿತು, ಜ್ವಾಲಾಮುಖಿ ಎಸೆಯಿತು ಎಂದು ಹೇಳುವವರಿದ್ದಾರೆ. ಎರಡೂ ಅಲ್ಲ. ಈ ಕಲ್ಲುಗಳು ಹುಟ್ಟಿದ ಜಾಗದಲ್ಲೇ ಇವೆ. ಅವು ದುಂಡಗಾದದ್ದು ನೆಲದೊಳಗೆ, ನೀರಿನ ಕೆಲಸದಿಂದ.

ಇದು ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲೆ ಭೂಮಿಯ ಒಳಗೆ ಹಲವು ಕಿಲೋಮೀಟರ್ ಆಳದಲ್ಲಿ ನಿಧಾನವಾಗಿ ತಣ್ಣಗಾಯಿತು. ನಿಧಾನವಾಗಿ ತಣಿದಿದ್ದಕ್ಕೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು: ಗಾಜಿನಂತಹ ಕ್ವಾರ್ಟ್ಜ್, ಗುಲಾಬಿ ಇಲ್ಲವೇ ಬಿಳಿ ಫೆಲ್ಡ್‌ಸ್ಪಾರ್, ಮಿನುಗುವ ಕಾಗೆಬಂಗಾರ. ಮೇಲಿದ್ದ ಕಲ್ಲುಮಣ್ಣನ್ನು ಮಳೆ, ಹೊಳೆಗಳು ಕೋಟ್ಯಂತರ ವರ್ಷ ಸವೆಸಿ ಒಯ್ದವು. ಹೊರೆ ಇಳಿದಂತೆ ಗ್ರಾನೈಟ್ ಹಿಗ್ಗಿತು, ಅಡ್ಡಕ್ಕೂ ಉದ್ದಕ್ಕೂ ಬಿರುಕುಬಿಟ್ಟಿತು. ಒಂದೇ ಬಂಡೆ ಹೀಗೆ ಪೆಟ್ಟಿಗೆಯಾಕಾರದ ತುಂಡುಗಳಾಯಿತು.

ಆಮೇಲೆ ಬಿರುಕಿಗೆ ನೀರು ಇಳಿಯಿತು. ಗಾಳಿ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಕರಗಿದ ಮಳೆನೀರು ತುಸು ಆಮ್ಲ. ಅದು ಫೆಲ್ಡ್‌ಸ್ಪಾರನ್ನು ಜೇಡಿಮಣ್ಣಾಗಿ ಬದಲಿಸುತ್ತದೆ. ಕ್ವಾರ್ಟ್ಜ್ ಮಾತ್ರ ಬಗ್ಗದೆ ಮರಳಾಗಿ ಉಳಿಯುತ್ತದೆ. ತುಂಡಿನ ಮುಖಕ್ಕೆ ನೀರು ಒಂದೇ ಕಡೆಯಿಂದ ತಗಲುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ನೀರಿಗೆ ಹಾಕಿದ ಬೆಲ್ಲದ ಅಚ್ಚಿನ ಮೂಲೆಗಳೇ ಮೊದಲು ಕರಗುವುದಿಲ್ಲವೇ, ಹಾಗೆಯೇ ಇಲ್ಲೂ. ಚೌಕ ತುಂಡು ದುಂಡಗಾಗುತ್ತದೆ, ಸುತ್ತ ಗರಸು ತುಂಬಿಕೊಳ್ಳುತ್ತದೆ.

ಬಿರುಕು ಹೆಚ್ಚಿದಷ್ಟೂ ಈ ಕೆಲಸ ಬೇಗ. ಲೆಕ್ಕ ಮಾಡಿ ನೋಡಿ: ಬದಿ 2 ಮೀಟರ್ ಇರುವ ಘನದ ಹೊರಮೈ 24 ಚದರ ಮೀಟರ್. ಅದನ್ನೇ ಎಂಟು ಸಮ ಘನಗಳಾಗಿ ಸೀಳಿದರೆ ಒಟ್ಟು 48. ನೀರು ಮುಟ್ಟುವ ಜಾಗ ಎರಡು ಪಟ್ಟು! ಬಿರುಕು ದೂರ ದೂರ ಇದ್ದಲ್ಲಿ ದೊಡ್ಡ ಗುಂಡುಗಳು ಉಳಿಯುವುದಕ್ಕೆ, ಒತ್ತೊತ್ತಾಗಿದ್ದಲ್ಲಿ ಬರೀ ಗರಸಾಗುವುದಕ್ಕೆ ಇದೇ ಕಾರಣ. ಕೊನೆಗೆ ಮಳೆ ಆ ಗರಸನ್ನೂ ತೊಳೆದಾಗ ಗುಂಡುಗಳು ಇದ್ದಲ್ಲೇ ಕೆಳಗಿಳಿದು ಒಂದರ ಮೇಲೊಂದು ಕೂರುತ್ತವೆ.

ಇದನ್ನು ನಂಬಲು ಪುಸ್ತಕವೇ ಬೇಕಿಲ್ಲ. ಹೈದರಾಬಾದಿನಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡಿದ ಕಡೆ ಬೇಲಿಯಾಚೆಯಿಂದ ನೋಡಿದರೆ, ಗರಸಿನ ನಡುವೆ ಇನ್ನೂ ಹೊರಬರದ ಗುಂಡುಗಳು ಹಲವೆಡೆ ಕಾಣುತ್ತವೆ. ಅವನ್ನು ಸಿಡಿಸಿ ತೆಗೆಯುವುದು ಗುತ್ತಿಗೆದಾರರಿಗೆ ಅನಿವಾರ್ಯವಿರಬಹುದು; ಆದರೆ ಎಲ್ಲ ಬೆಟ್ಟಗಳನ್ನೂ ಹೀಗೆ ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಉಳಿದವನ್ನು ಕಾಪಾಡಲು ‘ಸೊಸೈಟಿ ಟು ಸೇವ್ ರಾಕ್ಸ್’ ಸಂಘ 1996ರಿಂದ ದುಡಿಯುತ್ತಿದೆ.

ಕುಡಿಯುವ ನೀರಿಗೂ ಇದೇ ಬಿರುಕುಗಳ ನಂಟು. ಗಟ್ಟಿ ಗ್ರಾನೈಟ್ ನೀರು ಹಿಡಿಯದು. ಕೊಳವೆಬಾವಿಗೆ ಸಿಗುವುದು ಗರಸಿನ ಪದರದಲ್ಲೂ ಅದರಡಿಯ ಬಿರುಕುಗಳಲ್ಲೂ ನಿಂತ ನೀರು. ಅದಕ್ಕೇ ಒಂದು ಮನೆಯಲ್ಲಿ ನೀರು ಚಿಮ್ಮಿದರೆ ಪಕ್ಕದ ಮನೆಯಲ್ಲಿ ಅಷ್ಟೇ ಆಳ ಕೊರೆದರೂ ಬರೀ ಕಲ್ಲಿನ ಪುಡಿ ಬರುತ್ತದೆ.