100 ಎಂಬಿಪಿಎಸ್ ಇದ್ರೂ ವಿಡಿಯೋ ಯಾಕೆ ನಿಲ್ಲುತ್ತೆ?

ಇಂಜಿನಿಯರಿಂಗ್‌ಗೆ ಸೇರಿದ ಮೇಲೆ ಒಂದು ವಿಷಯ ಗೊತ್ತಾಯ್ತು. ಬ್ರಾಂಚ್ ಯಾವುದೇ ಇರಲಿ, ಊರಿಗೆ ಹೋದ್ರೆ ಎಲ್ಲರ ಮನೆಯ ವೈಫೈ ನಮ್ಮದೇ ಜವಾಬ್ದಾರಿ! ಕಳೆದ ರಜೆಯಲ್ಲಿ ನನಗೆ ಇಂಥ ಎರಡು ಕೇಸ್ ಸಿಕ್ಕವು. ಒಂದು ಮೊಳಕಾಲ್ಮುರಿನ ದೊಡ್ಡಮ್ಮನ ಮನೆ, ಇನ್ನೊಂದು ಚಳ್ಳಕೆರೆಯ ನಮ್ಮದೇ ಮನೆ. ಎರಡೂ ಕಡೆ 100 ಎಂಬಿಪಿಎಸ್ ಫೈಬರ್. ಎರಡೂ ಕಡೆ ವಿಡಿಯೋ ಮಧ್ಯದಲ್ಲಿ ನಿಂತು ಗಿರಗಿರ ಸುತ್ತುತ್ತಿತ್ತು. ಆದರೆ ಕಾರಣ ಬೇರೆ ಬೇರೆ.

ಮೊದಲು ಒಂದು ಲೆಕ್ಕ. 1080ಪಿ ವಿಡಿಯೋಗೆ 5 ಎಂಬಿಪಿಎಸ್, 4ಕೆ ವಿಡಿಯೋಗೆ 15 ಎಂಬಿಪಿಎಸ್ ಇದ್ರೆ ಸಾಕು ಅಂತ ನೆಟ್‌ಫ್ಲಿಕ್ಸ್ ಹೇಳುತ್ತೆ. ಅಂದ್ರೆ 100 ಬೇಕಾದಷ್ಟಾಯ್ತು. ತೊಂದರೆ ಇರೋದು ಪ್ಲಾನ್‌ನಲ್ಲಿ ಅಲ್ಲ, ದಾರಿಯಲ್ಲಿ. ಆ ದಾರಿಯನ್ನು ಎರಡು ಭಾಗ ಮಾಡಿ ನೋಡಬೇಕು: ಟಿವಿಯಿಂದ ರೂಟರ್‌ವರೆಗೆ ಒಂದು, ರೂಟರ್‌ನಿಂದ ವಿಡಿಯೋ ಇರೋ ಸರ್ವರ್‌ವರೆಗೆ ಇನ್ನೊಂದು.

ಮನೆಯೊಳಗಿನ ದಾರಿ

ದೊಡ್ಡಮ್ಮನ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಮಗ್ಗ ಇರೋ ಮುಂದಿನ ಕೋಣೆಯಲ್ಲೇ ರೂಟರ್. ಟಿವಿ ಮಾತ್ರ ಎರಡು ದಪ್ಪ ಕಲ್ಲುಗೋಡೆ ದಾಟಿ ಒಳಗೆ. "ದುಡ್ಡಂತೂ ತಿಂಗಳಾ ಕಟ್ತೀವಪ್ಪ, ಸೀರಿಯಲ್ ಮಾತ್ರ ನಿಂತು ನಿಂತು ಬರುತ್ತೆ" ಅಂದ್ರು ದೊಡ್ಡಮ್ಮ.

ರೂಟರ್ ಪಕ್ಕ ನಿಂತು ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದೆ: 94. ಟಿವಿ ಪಕ್ಕ ಮಾಡಿದೆ: 3! ಟಿವಿ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಕನೆಕ್ಟ್ ಆಗಿತ್ತು. ಈ ಬ್ಯಾಂಡ್‌ನ ವೇಗ ಜಾಸ್ತಿ, ಆದರೆ ಗೋಡೆ ದಾಟೋದರಲ್ಲಿ ಬೇಗ ಸೋಲುತ್ತೆ. 2.4 ಗಿಗಾಹರ್ಟ್ಸ್ ಗೋಡೆ ದಾಟಿ ಇನ್ನಷ್ಟು ದೂರ ಹೋಗುತ್ತೆ. ಆದರೆ ಅದರಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದ ಮನೆಯವರ ವೈಫೈ ಕೂಡ ಅಲ್ಲೇ ಇರುತ್ತೆ. ಟಿವಿಯನ್ನು 2.4ಕ್ಕೆ ಹಾಕಿದಾಗ ವೇಗ ಸುಮಾರು 20ಕ್ಕೆ ಬಂತು, ಆದರೆ ರಾತ್ರಿ ಮತ್ತೆ ಏರುಪೇರು. ಕೊನೆಗೆ ಒಂದು ಉದ್ದನೆಯ ಲ್ಯಾನ್ ಕೇಬಲ್ ಎಳೆದೆ. ಸಮಸ್ಯೆ ಮುಗೀತು.

ಮನೆ ಹೊರಗಿನ ದಾರಿ

ಚಳ್ಳಕೆರೆಯದು ಸ್ವಲ್ಪ ತಲೆನೋವು. ತಂಗಿ ಸೆಕೆಂಡ್ ಪಿಯು. ಅವಳ ಸಿಇಟಿ ಕ್ಲಾಸ್‌ನ ವಿಡಿಯೋ ದಿನಾ ರಾತ್ರಿ ನಿಲ್ಲುತ್ತಿತ್ತು. ಅಪ್ಪ 300 ಎಂಬಿಪಿಎಸ್ ಪ್ಲಾನ್ ಹಾಕಿಸೋಕೆ ಹೊರಟೇ ಬಿಟ್ಟಿದ್ರು. ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿದೆ. ಸ್ಪೀಡ್ ಟೆಸ್ಟ್ 95 ತೋರಿಸ್ತು, ವಿಡಿಯೋ ಮಾತ್ರ ನಿಂತೇ ಇತ್ತು. ಅದೇ ಲ್ಯಾಪ್‌ಟಾಪ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟೆ, ಸರಾಗವಾಗಿ ಓಡ್ತು. ಅಂದ್ರೆ ಲ್ಯಾಪ್‌ಟಾಪ್ ಸರಿ, ವೈಫೈ ಲೆಕ್ಕಕ್ಕೇ ಇಲ್ಲ. ತೊಂದರೆ ರೂಟರ್‌ನಿಂದ ಆಚೆ.

ಇಲ್ಲಿ ಒಂದು ವಿಷಯ ತಿಳ್ಕೋಬೇಕು. ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರ್ ಹುಡುಕಿ ಅಳೆಯುತ್ತೆ. ವಿಡಿಯೋ ಅದೇ ಸರ್ವರ್‌ನಿಂದ ಬರಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಶಾಸನದ ಪ್ರತಿಗಳಿವೆ ಅಲ್ವಾ? ವಿಡಿಯೋ ಕಂಪನಿಗಳು ಮಾಡೋದೂ ಅದನ್ನೇ. ಒಂದೇ ವಿಡಿಯೋದ ಪ್ರತಿಗಳನ್ನು ಬೇರೆ ಬೇರೆ ಊರಿನ ಸರ್ವರ್‌ಗಳಲ್ಲಿ ಇಡುತ್ತವೆ. ಇದಕ್ಕೆ ಸಿಡಿಎನ್ ಅಂತಾರೆ. ನಿಮಗೆ ಯಾವ ಪ್ರತಿ ಹತ್ತಿರ ಅನ್ನೋದನ್ನು ಎಷ್ಟೋ ಸೇವೆಗಳು ನಿಮ್ಮ ಡಿಎನ್ಎಸ್ ಸರ್ವರ್ ಎಲ್ಲಿದೆ ಅಂತ ನೋಡಿ ಊಹಿಸುತ್ತವೆ. ಡಿಎನ್ಎಸ್ ದೂರದ್ದಾದ್ರೆ ವಿಡಿಯೋನೂ ದೂರದಿಂದ ಬರಬಹುದು.

ರೂಟರ್ ಸೆಟ್ಟಿಂಗ್ಸ್ ತೆಗೆದು ನೋಡಿದ್ರೆ ಡಿಎನ್ಎಸ್ ಬದಲಾಗಿತ್ತು. ಬದಲಾಯಿಸಿದ್ದು ಯಾರು? ನಾನೇ! ಹಿಂದಿನ ರಜೆಯಲ್ಲಿ "ನೆಟ್ ಫಾಸ್ಟ್ ಆಗುತ್ತೆ" ಅಂತ ಯಾವುದೋ ರೀಲ್ ನೋಡಿ ಹಾಕಿದ್ದೆ. ಮತ್ತೆ ಆಟೋಮ್ಯಾಟಿಕ್‌ಗೆ ಹಾಕಿ ರೂಟರ್ ರೀಸ್ಟಾರ್ಟ್ ಮಾಡಿದೆ. ಆ ರಾತ್ರಿ ತಂಗಿಯ ಕ್ಲಾಸ್ ಒಮ್ಮೆಯೂ ನಿಲ್ಲಲಿಲ್ಲ. ಅಪ್ಪನ ದುಡ್ಡೂ ಉಳೀತು.

ಹಾಗಾಗಿ ನಿಮ್ಮ ಮನೆಯಲ್ಲೂ ಈ ಕ್ರಮದಲ್ಲಿ ನೋಡಿ. ರೂಟರ್ ಪಕ್ಕ ಮತ್ತು ಟಿವಿ ಪಕ್ಕ ಸ್ಪೀಡ್ ಅಳೀರಿ. ವ್ಯತ್ಯಾಸ ಜಾಸ್ತಿ ಇದ್ರೆ ವೈಫೈ ಸರಿ ಮಾಡಿ. ಇಲ್ಲದಿದ್ರೆ ಅದೇ ವಿಡಿಯೋವನ್ನು ಮೊಬೈಲ್ ಡೇಟಾದಲ್ಲಿ ಹಾಕಿ ನೋಡಿ, ಆಮೇಲೆ ಡಿಎನ್ಎಸ್ ನೋಡಿ. ಆಗಲೂ ರಾತ್ರಿ ಹೊತ್ತು ಮಾತ್ರ ನಿಲ್ತಿದ್ರೆ ಕಂಪನಿಯ ಲೈನ್‌ನಲ್ಲೇ ಟ್ರಾಫಿಕ್ ಜಾಸ್ತಿ ಇರಬಹುದು. ದಿನಾಂಕ, ಸಮಯ ಬರೆದಿಟ್ಕೊಂಡು ಕಂಪ್ಲೇಂಟ್ ಕೊಡಿ. ಹೊಸ ಪ್ಲಾನ್ ಕೊನೆಯ ಮಾತು.