ಹೊಸ ಗಣಕದಲ್ಲಿ ಹಳೆಯ ತಂತ್ರಾಂಶದ ಮಂದಗತಿ

ಕಳೆದ ವೈಶಾಖದ ಸಿಡಿಲಿಗೆ ಮೇಗರವಳ್ಳಿಯ ನಮ್ಮ ಪುರೋಹಿತ ಮಿತ್ರರೊಬ್ಬರ ಗಣಕಯಂತ್ರವು ಸುಟ್ಟುಹೋಯಿತು. ಇಪ್ಪತ್ತು ವರುಷಗಳಿಂದ ಅವರು ಜಾತಕಗಳನ್ನು ಗುಣಿಸುತ್ತಿದ್ದುದು ಅದರಲ್ಲಿಯೇ. ಸುತ್ತಿನ ಎಷ್ಟೋ ಮನೆತನಗಳ ಜನನಕಾಲವು ಬರೆದಿಟ್ಟಿರುವುದು ಆ ತಂತ್ರಾಂಶದೊಳಗಲ್ಲದೆ ಬೇರೆಲ್ಲಿಯೂ ಇಲ್ಲ. ದೈವವಶಾತ್ ಸಿ.ಡಿ.ಯೊಂದರಲ್ಲಿ ಪ್ರತಿಯಿದ್ದಿತು. ಹೊಸ ಯಂತ್ರವನ್ನು ಕೊಂಡು ಅದನ್ನೇ ಹೂಡಿಸಿದರು. ಆದರೆ ಮೊದಲು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುತ್ತಿದ್ದ ಗಣಿತಕ್ಕೆ ಈಗ ಬಂದವರು ಜಗಲಿಯಲ್ಲಿ ಕಾದು ಕುಳಿತಿರಬೇಕಾಯಿತು. “ಮೇಷ್ಟ್ರೇ, ಅಂಗಡಿಯವನು ನನಗೆ ಟೋಪಿ ಹಾಕಿದನೆ?” ಎಂದು ಅವರು ಕೇಳಿದರು.

ಅಂಗಡಿಯವನದು ತಪ್ಪಲ್ಲ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯ ಓಲೆಗರಿಗಳನ್ನು ಕಂಡವರಿಗೆ ಇದರ ಮರ್ಮವು ಬೇಗನೆ ತಿಳಿದೀತು. ತಿಗಳಾರಿ ಬಲ್ಲ ಅಜ್ಜನು ಕಣ್ಣು ಮಂಜಾಗಿದ್ದರೂ ಗರಿಯನ್ನು ಸರಾಗವಾಗಿ ಓದುವನು. ಕನ್ನಡವನ್ನು ಮಿಂಚಿನಂತೆ ಓದುವ ಮೊಮ್ಮಗನಾದರೋ ಒಂದೊಂದಕ್ಷರವನ್ನೂ ಪಟ್ಟಿಯೊಡನೆ ಹೋಲಿಸಿ ಕನ್ನಡಕ್ಕೆ ತಿರುಗಿಸಿಕೊಂಡು ಓದಬೇಕು. ನಮ್ಮ ಮಿತ್ರರ ತಂತ್ರಾಂಶವು ಡಾಸ್ ಕಾಲದ 16 ಬಿಟ್ಟಿನದು. ಇಂದಿನ 64 ಬಿಟ್ಟಿನ ವಿಂಡೋಸ್ ವ್ಯವಸ್ಥೆಯು ಅಂತಹುದನ್ನು ನೇರವಾಗಿ ನಡೆಸುವುದೇ ಇಲ್ಲ. ಆದುದರಿಂದ ಡಾಸ್‌ಬಾಕ್ಸ್ ಎಂಬ ಮತ್ತೊಂದು ತಂತ್ರಾಂಶವು ಹಳೆಯ ಯಂತ್ರದ ವೇಷವನ್ನು ಧರಿಸಿ, ಒಂದೊಂದು ಆಜ್ಞೆಯನ್ನೂ ಅನುವಾದಿಸಿ ನಡೆಸುತ್ತದೆ. ಅದೂ ಇಂತಹ ಹಳೆಯ ತಂತ್ರಾಂಶಗಳಿಗೆ, ನಾವು ಬದಲಿಸದಿದ್ದರೆ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಸುಮಾರು 3000 ಆಜ್ಞೆಗಳೆಂದು ತನಗೆ ತಾನೇ ಮಿತಿ ಹಾಕಿಕೊಂಡಿರುತ್ತದೆ. ಇಂದಿನ ಯಂತ್ರದ ಸಾಮರ್ಥ್ಯಕ್ಕೆ ಇದು ಏನೇನೂ ಅಲ್ಲ.

ಅನುವಾದದ ಹಂಗಿಲ್ಲದೆಯೂ ಹೀಗಾದುದುಂಟು. 1995ರಲ್ಲಿ ಇಂಟೆಲ್ ಸಂಸ್ಥೆಯು ಪೆಂಟಿಯಂ ಪ್ರೊ ಎಂಬ ಸಂಸ್ಕಾರಕವನ್ನು ಹೊರತಂದಿತು. 32 ಬಿಟ್ಟಿನ ಕೆಲಸದಲ್ಲಿ ಅದು ಮಹಾ ಚುರುಕು. 16 ಬಿಟ್ಟಿನ ಹಳೆಯ ಕೆಲಸ ಕೊಟ್ಟರೆ, ಅಷ್ಟೇ ವೇಗದ ಗಡಿಯಾರವುಳ್ಳ ಹಿಂದಿನ ಪೆಂಟಿಯಂಗಿಂತಲೂ ಹಿಂದೆ ಬೀಳುತ್ತಿದ್ದಿತು. ಹಳೆಯ ತಂತ್ರಾಂಶವು ಸ್ಮೃತಿಯ ಒಂದು ಖಂಡದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ, ಮುಂಗಡವಾಗಿ ಕೈಗೆತ್ತಿಕೊಂಡ ಕೆಲಸವನ್ನು ಅದು ತಡೆಹಿಡಿಯಬೇಕಾಗುತ್ತಿದ್ದಿತು. 1997ರ ಪೆಂಟಿಯಂ 2ರಲ್ಲಿ ಈ ಕೊರತೆಯನ್ನು ಬಹುಮಟ್ಟಿಗೆ ನಿವಾರಿಸಿದರು.

ಇನ್ನೊಂದು ಕಾರಣವು ನಮ್ಮ ಅಡಿಕೆಯ ಮನೆಗಳಲ್ಲಿಯೇ ಕಾಣಸಿಗುವುದು. 2004ರ ಪೆಂಟಿಯಂ 4ರ ಗಡಿಯಾರವು 3.8 ಗಿಗಾಹರ್ಟ್ಸ್ ಮುಟ್ಟಿತು. ತಾಪವು ಮಿತಿಮೀರಿದ್ದರಿಂದ ಮುಂದಿನ ವರುಷದ ಪೆಂಟಿಯಂ ಡಿಯಲ್ಲಿ ಎರಡು ಮಿದುಳುಗಳನ್ನಿಟ್ಟು, ವೇಗವನ್ನು 3.2ಕ್ಕೆ ಇಳಿಸಿದರು. ಸುಲಿಯಲು ಇಬ್ಬರು ಬಂದರೂ ಮೆಟ್ಟುಗತ್ತಿಯೊಂದೇ ಇದ್ದರೆ ಏನು ಪ್ರಯೋಜನ? ಒಬ್ಬನೇ ಮಾಡಲೆಂದು ರಚಿಸಿದ ಹಳೆಯ ತಂತ್ರಾಂಶಕ್ಕೆ ಎರಡನೆಯವನು ಕೇವಲ ಪ್ರೇಕ್ಷಕ. ಮೊದಲನೆಯವನ ಕೈಯೋ ನಿಧಾನವಾಯಿತು. ತೆರೆಯ ಮೇಲೆ ಚಿತ್ರ ಬಿಡಿಸುವ ಕ್ರಮವೂ ವಿಂಡೋಸ್ ವಿಸ್ಟಾದಲ್ಲಿ ಬದಲಾಗಿ, ಕೆಲವು ಹಳೆಯ ತಂತ್ರಾಂಶಗಳು ತಡವರಿಸಿದುವು. 2009ರ ವಿಂಡೋಸ್ 7ರಲ್ಲಿ ಅದನ್ನು ಸ್ವಲ್ಪ ಸರಿಪಡಿಸಿದರು.

ನಮ್ಮ ಮಿತ್ರರಿಗೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಕಂಟ್ರೋಲ್ ಕೀಲಿಯೊಡನೆ ಎಫ್ 12ನ್ನು ಹಲವು ಬಾರಿ ಒತ್ತಿ ಡಾಸ್‌ಬಾಕ್ಸಿನ ಮಿತಿಯನ್ನು ಏರಿಸಿದೆವು. ಜಾತಕವು ಹಿಂದಿನಂತೆಯೇ ಬಂದಿತು. ಆದರೂ ಅವರಿಗೆ ಸಿಡಿಲಿನ ಭಯ ಹೋಗಿಲ್ಲ. ಈಗ ದಿನಕ್ಕೆ ಹತ್ತರಂತೆ ಹಳೆಯ ಜಾತಕಗಳನ್ನು ತೆರೆದು, ಜನನಕಾಲಗಳನ್ನು ದಪ್ಪ ಪುಸ್ತಕವೊಂದರಲ್ಲಿ ಮಸಿಯಿಂದ ಬರೆದಿಡುತ್ತಲಿದ್ದಾರೆ.